ಕುಂಕುಮ ಹಚ್ಚಿದ ಡೈ

ಶಾಲಾ ಮಕ್ಕಳ ಆಟೋಗೆ ಚೌಕಟ್ಟು ಕಟ್ಟಲೆಂದು ಬಳ್ಳಾರಿಯಿಂದ ಟ್ಯೂಬ್ ಬಗ್ಗಿಸುವ ಯಂತ್ರವನ್ನು ಕುರುಗೋಡಿನ ನನ್ನ ವರ್ಕ್‌ಶಾಪಿಗೆ ತಂದೆ. ಅದರ ಜೊತೆ ಬಂದ, ಟ್ಯೂಬ್ ಕೂರಿಸಿ ಬಗ್ಗಿಸುವ ಒಂದಿಂಚಿನ ಅಚ್ಚಿಗೆ, ಅಂದರೆ ಡೈಗೆ, ಕುಂಕುಮ ಹಚ್ಚಿ, ಬಸವಣ್ಣನನ್ನು ನೆನೆದು, ಒಂದಿಂಚಿನ ಟ್ಯೂಬ್ ಬಗ್ಗಿಸಿದೆ. ಅದು ಸಡಿಲವಾಗಿ ಕೂತು, ತಿರುವಿನಲ್ಲಿ ಚಪ್ಪಟೆಯಾಯಿತು. ನೀರಿನ ಪೈಪಿನ ಡೈ ಕೊಟ್ಟಿದ್ದ ಅಂಗಡಿಯ ಪುಣ್ಯಾತ್ಮ! ಪೈಪಿಗೆ ಒಳಗಿನ ಅಳತೆ, ಟ್ಯೂಬಿಗೆ ಹೊರಗಿನದು; ಹಾಗಾಗಿ ಒಂದಿಂಚಿನ ಪೈಪು ಒಂದಿಂಚಿನ ಟ್ಯೂಬಿಗಿಂತ ದಪ್ಪ.

ಬಳ್ಳಾರಿಗೆ ಮರಳಿ ಹೋಗಿ, "ಅಳತಿಗಂತ ಟ್ಯೂಬಿನ ತುಂಡು ನಿಮ್ಮ ಕೈಗೇ ಕೊಟ್ಟಿದ್ನಲ್ರಿ," ಎಂದೆ.

"ಒಂದಿಂಚು ಕೇಳಿದ್ರಿ, ಕೊಟ್ಟೀವಿ. ಪೂಜಿ ಆದ ಸಾಮಾನು ವಾಪಸ್ ತಗೊಂಡ್ರ ನಮಗ ಪಾಪ ಬರ್ತೈತ್ರಿ ಅಣ್ಣಾ," ಎಂದ ಅಂಗಡಿಯವನು.

ಮೈಯೆಲ್ಲ ಉರಿಯಿತು. "ಚೌಕಟ್ಟು ಮುರಿದು ಮಕ್ಕಳು ಬಿದ್ರ ಆ ಪಾಪ ಯಾರಿಗ್ರಿ?"

ಅವನು ಗಲ್ಲಾದ ಮೇಲಿನ ದೇವರ ಫೋಟೋಗೆ ಊದುಬತ್ತಿ ಬೆಳಗತೊಡಗಿದ. ಸಿಟ್ಟಿನಲ್ಲೇ ನಾನೂ ಕೈಮುಗಿದು ಬಂದೆ.

ಬೇರೆ ಕಡೆಯಿಂದ ತಂದ ಡೈಯಲ್ಲಿ ಮೊದಲು ಟ್ಯೂಬ್ ಕೂರಿಸಿ ನೋಡಿದೆ, ಆಮೇಲೆ ಕುಂಕುಮ. ಅಷ್ಟು ಹೊತ್ತು ಬಸವಣ್ಣ ಕಾಯುತ್ತಾನೆ.