ಕರೆಂಟ್ ಹೋತು, ಮಗ್ಗ ನಿಂತವು

ಗರ್ಭಚೀಲದ ಬಾಯಿಯ ಕ್ಯಾನ್ಸರ್ ತಪಾಸಣಿಗೆ ಇಚಲಕರಂಜಿಯೊಳಗ ಕ್ಯಾಂಪ್ ಹಾಕಬೇಕಂದ್ರ ನಮ್ಮಂಥ ನರ್ಸುಗಳು ಮೊದಲ ಮಗ್ಗದ ಮಾಲಕರ ಕೈಕಾಲು ಹಿಡೀಬೇಕು. ಒಬ್ಬ ಶೇಠ್ ಒಪ್ಪಿದ. "ಮಗ್ಗ ಮಾತ್ರ ನಿಂದರಬಾರದ್ರೀ ಮ್ಯಾಡಮ್" ಅಂದ. ಒಂದು ಖೋಲಿ ಕೊಡ್ರಿ ಅಂದ್ರ, ಅದರಾಗ ನೂಲಿನ ಚೀಲ ತುಂಬ್ಯಾವ ಅಂದ. ಶೆಡ್ಡಿನ ಮೂಲ್ಯಾಗ ಹಳೇ ಸೀರಿ ಪರದೆ ಕಟ್ಟಿ ಕುಂತೆ.

ಮಗ್ಗದ ಸಪ್ಪಳದಾಗ ಕಿವಿ ಹತ್ರ ಒದರಿದ್ರಷ್ಟ ಕೇಳತಿತ್ತು. ಪರದೆ ಆಚೆ ಒಂದಕ್ಷರ ಹೋಗೂದಿಲ್ಲ ಅಂತ ನನಗೂ ಧೈರ್ಯ. ಕಂಡಿಕಿಗೆ ನೂಲು ಸುತ್ತೋ ಸುನಂದಾ ಬಂದಳು.

"ಮುಟ್ಟು ಬಿಟ್ಟು ನಡುವನೂ ರಕ್ತ ಹೋಗತೈತೇನವಾ?" ಅಂತ ಒದರಿದೆ.

"ಗಂಡನ ಜೋಡಿ ಮಲಗಿದಾಗೆಲ್ಲಾ ಹೋಗತೈತ್ರೀ ಅಕ್ಕಾರ!"

ಆಕಿ ಒದರೂದಕ್ಕೂ ಕರೆಂಟ್ ಹೋಗೂದಕ್ಕೂ ಸರಿಹೋತು. ಮಗ್ಗ ಎಲ್ಲಾ ಒಮ್ಮೆಲೇ ನಿಂತವು, ಆಕಿ ಮಾತು ಇಡೀ ಶೆಡ್ಡಿಗೆ ಕೇಳ್ತು. ಯಾವನೋ ಕಿಸಕ್ಕನ ನಕ್ಕ. ಪರದೆ ಆಚೆ ತಪಾಸಣಿಗೆ ಪಾಳಿ ಹಚ್ಚಿ ನಿಂತಿದ್ದ ಆಕಿ ಅತ್ತಿ ನಗಲಿಲ್ಲ. ಸೊಸಿ ರಟ್ಟಿ ಹಿಡದು ಎಳಕೊಂಡು ಹೋದಳು. ಉಳದ ಹೆಂಗಸರೂ ತಮ್ಮ ತಮ್ಮ ಕೆಲಸಕ್ಕ ಸರದರು.

ಮುಂದಿನ ತಿಂಗಳ ಹೋಗಿ ಸುನಂದಾ ಎಲ್ಲಿ ಅಂತ ಕೇಳಿದೆ.

"ಆಕೀನ ಗಡಹಿಂಗ್ಲಜಕ್ಕ, ತವರಮನಿಗೆ ಕಳಿಸ್ಯಾರ್ರಿ" ಅಂದ ಶೇಠ್.

"ದವಾಖಾನಿಗೆ ತೋರಿಸ್ಯಾರೇನ್ರಿ?"

"ಅದು ನನಗೇನ ಗೊತ್ರೀ? ಆದ್ರ ಅವತ್ತ ಆದ ನುಕ್ಸಾನ ಇನ್ನ ಆಗೂದಿಲ್ಲ, ಬರ್ರಿ" ಅಂತ ಹಿತ್ತಲಕ್ಕ ಕರಕೊಂಡು ಹೋಗಿ ಹೊಸಾ ಜನರೇಟರ್ ತೋರಿಸಿದ.

"ಇನ್ನ ಬೇಕಾದಷ್ಟು ಕ್ಯಾಂಪ್ ಮಾಡ್ರೀ ಮ್ಯಾಡಮ್. ಮಗ್ಗ ನಿಂದರೂದಿಲ್ಲ."