ಅಪ್ಪನ ಮಿಣಿ

ಹೊನ್ನೆ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಹಿರೇಗುತ್ತಿಯ ನಮ್ಮ ಮನೆಯೆಂದರೆ ಆ ವಾಸನೆಯೇ. ಅಪ್ಪ ಜಗಲಿಯಲ್ಲಿ ಕಾಲು ಚಾಚಿ ಕೂತು, ಹದ ಮಾಡಿದ ತೊಗಲನ್ನು ಉದ್ದಕ್ಕೆ ಸೀಳಿ, ಹೊಸೆದು, ಎಣ್ಣೆ ಕುಡಿಸಿ ಮಿಣಿ ಮಾಡುತ್ತಿದ್ದ. ಮಿಣಿಯೆಂದರೆ ನೊಗವನ್ನು ನೇಗಿಲಿಗೆ ಬಿಗಿಯುವ ತೊಗಲಿನ ಹುರಿ; ಟಿಲ್ಲರ್ ಬಂದ ಮೇಲೆ ಹುಟ್ಟಿದವರಿಗೆ ಗೊತ್ತಿರಲಿಕ್ಕಿಲ್ಲ. ಅಪ್ಪ ಎಡಚ. ಅವನ ಮಿಣಿಯ ಹೊಸೆತ ಉಳಿದವರದ್ದಕ್ಕೆ ತಿರುವುಮುರುವು. ಬಿಸಿಲಿಗಿಟ್ಟ ಮಿಣಿಗೆ ಕೆನ್ನೆ ತಾಗಿಸಿದರೆ ಎಮ್ಮೆಯ ಬೆನ್ನಿನ ಹಾಗೆ ಬೆಚ್ಚಗಿರುತ್ತಿತ್ತು. ನಿಮಗೂ ಇಂಥದ್ದೊಂದು ನೆನಪು ಇದ್ದೀತು.

ಮಳೆಗಾಲಕ್ಕೆ ಮುಂಚೆ ಅವನ ಜೊತೆ ಒಡೆಯರ ಮನೆಗೆ ಹೋಗುತ್ತಿದ್ದೆ. ಅಪ್ಪ ಮಿಣಿಯನ್ನು ಅಂಗಳದ ತುದಿಯಲ್ಲಿಟ್ಟು ಹಿಂದೆ ಸರಿಯಬೇಕು. ಒಡತಿ ಅದರ ಮೇಲೆ ಒಂದು ಕೊಡ ನೀರು ಸುರಿಯಬೇಕು. ಆಮೇಲೆಯೇ ಅವರ ಆಳು ಎತ್ತಬೇಕು. ನಮ್ಮ ಮೈಲಿಗೆ ತೊಳೆಯುವ ಶಾಸ್ತ್ರವಂತೆ, ಥೂ! ನೀರು ಕುಡಿದ ತೊಗಲು ಉಳುವಾಗ ಹಿಗ್ಗದೆ ಇನ್ನೇನು ಮಾಡೀತು? ನಾಲ್ಕು ದಿನಕ್ಕೆ ಕರೆ ಬರುತ್ತಿತ್ತು. "ಮಿಣಿ ಸಡಿಲಾತು. ಎಂತದಾ, ಮೋಸ ಮಾಡ್ತ್ಯಾ?" ಎಂದು ಒಡೆಯರು ಊರಿಗೇ ಕೇಳುವಂತೆ ಬೈಯುತ್ತಿದ್ದರು. ಅಪ್ಪ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಮನೆಗೆ ಬಂದರೆ ಅವ್ವ ಹರಿಹಾಯುತ್ತಿದ್ದಳು: "ನೀರು ಹೊಯ್ದವ್ರು ಅವ್ರು, ಮೋಸಗಾರ ನೀನಾ? ಎಂತಕ್ಕೆ ಬಾಯಿ ಬಿಡೂದಿಲ್ಲ?"

"ಆತು ಬಿಡೇ. ಇನ್ನೊಂದು ಮಾಡ್ಕೊಟ್ರಾತು" ಎನ್ನುತ್ತಿದ್ದ ಅಪ್ಪ. ಆ ರಾತ್ರಿ ಮಾತ್ರ ಊಟ ಬಿಡುತ್ತಿದ್ದ. ಮೋಸಗಾರನೆಂಬ ಹೆಸರು ಹೊತ್ತುಕೊಂಡೇ ಸತ್ತ.

ಅವ್ವನೂ ಈಗಿಲ್ಲ. ನಮ್ಮ ಜಗಲಿಯಿದ್ದ ಜಾಗದಲ್ಲಿ ಹೆದ್ದಾರಿ ಬಂದಿದೆ. ಒಡೆಯರ ಮನೆ ಹೋಮ್‌ಸ್ಟೇ ಆಗಿದೆ. ಮೊನ್ನೆ ಸಹೋದ್ಯೋಗಿಗಳ ಜೊತೆ ಅಲ್ಲಿಗೆ ಊಟಕ್ಕೆ ಹೋದೆ. ಆ ಹೊಸಿಲು ದಾಟಿದ್ದು ಅದೇ ಮೊದಲು. ಒಳಗೋಡೆಯ ಮೇಲೆ ನೇಗಿಲು, ನೊಗ, ಎರಡನ್ನೂ ಬಿಗಿದ ಮಿಣಿ. ತಿರುವುಮುರುವು ಹೊಸೆತ. ಹತ್ತಿರ ಹೋದೆ. ಕೆಳಗೊಂದು ಬೋರ್ಡು: 'ಹಳೇ ಕಾಲದ ಹಗ್ಗ. ದಯವಿಟ್ಟು ಮುಟ್ಟಬೇಡಿ.' ಅಪ್ಪನ ಜೊತೆ ಅವನ ಮಿಣಿಯ ಹೆಸರನ್ನೂ ತೊಳೆದು ಚೆಲ್ಲಿದ್ದರು.

ಮುಟ್ಟಿದೆ. ಒಡೆಯರ ಮೊಮ್ಮಗ ಓಡಿಬಂದ. "ಹೋಯ್ ಮೇಡಂ, ಮುಟ್ಬೇಡಿ! ನಮ್ಮಜ್ಜನ ಕಾಲದ್ದು."

"ನಿನ್ನಜ್ಜಿ ನೀರು ಹೊಯ್ಯದೆ ಇದನ್ನ ನಿಮ್ಮನೇಲಿ ಯಾರೂ ಮುಟ್ತಿರ್ಲಿಲ್ಲ ತಮಾ. ಇದು ಹಗ್ಗ ಅಲ್ಲ, ಮಿಣಿ. ನನ್ನಪ್ಪ ಮಾಡಿದ್ದು."

ನಾನು ಕೈ ತೆಗೆಯಲಿಲ್ಲ. ಎಣ್ಣೆಯ ವಾಸನೆ ಪೂರ್ತಿ ಹೋಗಿತ್ತು. ನೊಗವನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದ ಸಿಟ್ಟನ್ನೆಲ್ಲ ಹಾಕಿ ಜಗ್ಗಿದೆ.

ಸಡಿಲಾಗಿಲ್ಲ, ಅಪ್ಪಾ.