ಆಫ್ ಮಾಡಬಾರದ ಕಾರು

ಆ ಕಾರನ್ನು ನಾನು ಕೊಂಡಿದ್ದು ಅದರ ಚಂದಕ್ಕೆ. ಬರೆಯುವಾಗ ಬೇರೆ ಕಾರಣಗಳನ್ನೂ ಸೇರಿಸಬೇಕೆನ್ನಿಸುತ್ತದೆ, ಆದರೆ ಇರಲಿಲ್ಲ. ಕೆನೆಬಣ್ಣ, ದುಂಡು ದೀಪಗಳು, ಕಂದು ಚರ್ಮದ ಸೀಟು, ತಲೆಯ ಮೇಲೆ ತೆರೆಯುವ ಗಾಜು. ನನ್ನ ಬಳಿ ಬರುವ ಮೊದಲೇ ಎರಡು ಕೈ ದಾಟಿತ್ತು. ಬಿಡಿಭಾಗ ಬೇಕೆಂದರೆ ವಾರಗಟ್ಟಲೆ ಕಾಯಬೇಕು. ತೀರ್ಥಹಳ್ಳಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಮುಂದೆ ನಿಲ್ಲಿಸಿದರೆ ವಿದ್ಯಾರ್ಥಿಗಳು ಅದಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ತರಗತಿಯ ಕಿಟಕಿಯಿಂದ ಅದನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಅದರ ದೋಷ ಒಂದೇ. ಇಂಜಿನ್ ಕಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಒಂದು ತಾಸು ತಣಿಯಬೇಕು, ಇಲ್ಲವೇ ಇಳಿಜಾರಿನಲ್ಲಿ ಉರುಳಿಸಿ ಗೇರಿಗೆ ಹಾಕಬೇಕು. ಸಾಗರದ ಮೆಕ್ಯಾನಿಕ್ ಮೂರು ಸಲ ಬಿಚ್ಚಿ ಜೋಡಿಸಿ, ಕೊನೆಗೆ ಕೈ ಒರೆಸಿಕೊಳ್ಳುತ್ತ ಹೇಳಿದ: “ಮೇಡಂ, ಇದು ಗಾಡಿ ಅಲ್ಲ, ಮನೆಗೆ ಬಂದ ಅಳಿಯ. ಚಂದ ನೋಡ್ಕಂಡು ಇರ್ಬೇಕು, ಕೆಲ್ಸ ಹೇಳಂಗಿಲ್ಲ.”

“ಮಾರ್ಬಿಡ್ಲಾ?”

“ಮಾರಿದ್ರೆ ತಗಂಡೋನೂ ನನ್ ಹತ್ರನೇ ತರ್ತಾನೆ. ನೀವೇ ಇಟ್ಕಳಿ.”

ಹೀಗೆ ನಾನು ರಸ್ತೆಯ ಏರಿಳಿತ ಓದುವುದನ್ನು ಕಲಿತೆ. ನಮ್ಮ ಕಡೆ ಇಳಿಜಾರಿಗೆ ಬರವಿಲ್ಲ. ತರಕಾರಿ ಯಾವ ಅಂಗಡಿಯಲ್ಲಿ, ಕಾಫಿ ಯಾವ ಹೋಟೆಲಿನಲ್ಲಿ, ಯಾರ ಮನೆಯ ಗೃಹಪ್ರವೇಶಕ್ಕೆ ಹೋಗುವುದು, ಎಲ್ಲವನ್ನೂ ಮುಂದಿನ ರಸ್ತೆ ತೀರ್ಮಾನಿಸುತ್ತಿತ್ತು. ಕಾರಿನ ಮೂತಿಯನ್ನು ಇಳುಕಲಿಗೆ ತಿರುಗಿಸಿ, ಚಕ್ರಕ್ಕೊಂದು ಕಲ್ಲು ಕೊಟ್ಟರೆ ನೆಮ್ಮದಿ. ಸಮತಟ್ಟು ಜಾಗದಲ್ಲಿ ಮನೆ ಇದ್ದವರ ಸಂಪರ್ಕ ತಾನಾಗಿ ಕಡಿಮೆಯಾಯಿತು. ಆಗ ಇದು ತಮಾಷೆಯಾಗಿ ಕಾಣುತ್ತಿತ್ತು. ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದೆ.

ಅಕ್ಕನ ಮನೆ ಹೊಸನಗರಕ್ಕೆ ಸ್ವಲ್ಪ ಮೊದಲು, ರಸ್ತೆಯಿಂದ ಕೆಳಗೆ. ಭಾವ ಕಾರ್ಗಲ್ಲಿನ ಕೆಲಸದಿಂದ ನಿವೃತ್ತರಾದ ಮೇಲೆ ಕಟ್ಟಿಸಿದ್ದು. ಅಕ್ಕ ಅಲ್ಲಿ ರವಿಕೆ ಹೊಲಿದು ಕೊಡುತ್ತಿದ್ದಳು. ಮನೆಗೆ ಕಡಿದಾದ ಮಣ್ಣಿನ ದಾರಿ. ಕಾರು ಇಳಿದೀತು, ಹತ್ತಲಾರದು. ಮೇಲಿನ ಟಾರು ರಸ್ತೆಯೋ, ಸರಿಯಾಗಿ ಅವಳ ತಿರುವಿನಲ್ಲೇ ಚಾಪೆ ಹಾಸಿದಂತೆ ಮಟ್ಟ. ನನ್ನ ಗಂಡನ ಕೆಲಸ ಸಾಗರದಲ್ಲಿ, ಹಾಗಾಗಿ ಶನಿವಾರ ಮಧ್ಯಾಹ್ನ ನಾನು ಆ ದಾರಿಯಲ್ಲಿ ಹೋಗುತ್ತಿದ್ದೆ. ತೀರ್ಥಹಳ್ಳಿ ಬಿಡುವಾಗ “ಹೊರಟೆ” ಎಂದು ಅಕ್ಕನಿಗೆ ಫೋನ್ ಮಾಡುವುದು ರೂಢಿ. ನಾನು ತಲಪುವಾಗ ಅವಳು ರಸ್ತೆಯಂಚಿನಲ್ಲಿ ಒಂದು ಡಬ್ಬಿ ಹಿಡಿದು ನಿಂತಿರುತ್ತಿದ್ದಳು.

ನಾನು ಇಂಜಿನ್ ಆಫ್ ಮಾಡುತ್ತಿರಲಿಲ್ಲ. ಕಿಟಕಿ ಮಾತ್ರ ಇಳಿಸುತ್ತಿದ್ದೆ.

“ಆಫ್ ಮಾಡ್ಬೇಡ ಮಾರಾಯ್ತಿ, ಆಮೇಲೆ ತಳ್ಳಕ್ಕೆ ಊರೋರ್ನೆಲ್ಲ ಕರೀಬೇಕು,” ಎಂದು ಅವಳೇ ಮೊದಲು ಹೇಳುತ್ತಿದ್ದಳು.

“ಒಳಗಾದ್ರೂ ಕೂತ್ಕೊ ಬಾ.”

“ಬ್ಯಾಡಪ್ಪ. ನನ್ ಸೀರೆ ತುಂಬ ನೂಲು, ಸೀಟಿಗೆ ಹತ್ಕಂಡ್ರೆ ನಿನ್ ಅಳಿಯಂಗೆ ಸಿಟ್ಟು ಬತ್ತದೆ.” ಮೆಕ್ಯಾನಿಕ್ಕನ ಮಾತನ್ನು ನಾನೇ ಅವಳಿಗೆ ಹೇಳಿದ್ದೆ.

ಐದು ನಿಮಿಷ, ಹೆಚ್ಚೆಂದರೆ ಹತ್ತು. ಇಂಜಿನ್ನಿನ ಸದ್ದಿನ ಮೇಲೆ ದನಿ ಎತ್ತಿ ಆಡಿದ ಮಾತುಗಳು. ಎರಡು ವರ್ಷ ಹೀಗೆ ನಡೆಯಿತೆಂದು ನನ್ನ ನೆನಪು. ಭಾವ ಮೂರು ಎನ್ನುತ್ತಾರೆ.

ಅಕ್ಕ ಹೋದಳು. ಬೆಳಿಗ್ಗೆ ಹೊಲಿಗೆ ಮಿಷನ್ನಿನ ಮುಂದೆ ಕೂತವಳು ಹಾಗೇ ವಾಲಿದಳಂತೆ. ಹೃದಯ. ಆ ದಿನಗಳಲ್ಲಿ ಜನರ ನಡುವೆ ಆ ದಾರಿಯನ್ನು ಎಷ್ಟೋ ಸಲ ಇಳಿದು ಹತ್ತಿರಬೇಕು, ಒಂದೂ ನೆನಪಿಲ್ಲ. ತಿಂಗಳು ಕಳೆದ ಮೇಲೆ ಒಂದು ಶನಿವಾರ, ಕಾರು ಗ್ಯಾರೇಜಿನಲ್ಲಿತ್ತು. ಬಸ್ಸಿನಲ್ಲಿ ಬಂದು ತಿರುವಿನಲ್ಲಿ ಇಳಿದು ಒಬ್ಬಳೇ ಕೆಳಗೆ ನಡೆದೆ. ಅರ್ಧ ದಾರಿಯಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರ ಕಾಲನ್ನು ಮತ್ತಿಮರಕ್ಕೆ ಹಗ್ಗದಿಂದ ಬಿಗಿದಿದ್ದರು.

“ಅಲ್ಲೆಂತಕ್ಕೆ ಕುರ್ಚಿ?” ಎಂದು ಭಾವನನ್ನು ಕೇಳಿದೆ.

ಅವರು ಚಹಾ ಸೋಸುತ್ತಿದ್ದರು. “ನಿಮ್ಮಕ್ಕಂದು. ನೀ ಹೊರಟೆ ಅಂತ ಫೋನ್ ಮಾಡಿದ ಕೂಡ್ಲೆ ಇವ್ಳೂ ಹೊರಡೋಳು. ಇನ್ನೂ ಹೊತ್ತಿದೆ ಕಣೆ ಅಂದ್ರೆ ಕೇಳ್ತಿರ್ಲಿಲ್ಲ. ಅರ್ಧ ಹತ್ತಿ ಅಲ್ಲಿ ಕೂರೋದು, ಉಸಿರು ಸಮ ಆದ್ಮೇಲೆ ಉಳಿದರ್ಧ. ನೀ ಬರೋ ಹೊತ್ತಿಗೆ ನೆಟ್ಟಗೆ ನಿಂತಿರ್ಬೇಕು ಅಂತ.”

“ಡಾಕ್ಟ್ರಿಗೆ ತೋರಿಸಿರ್ಲಿಲ್ವಾ?”

“ತೋರಿಸಿದ್ದೆ. ಏರು ಹತ್ಬೇಡಿ ಅಂದಿದ್ರು. ನಿಂಗೆ ಹೇಳ್ಬಾರ್ದು ಅಂತ ನನ್ ಹತ್ರ ಆಣೆ ಹಾಕ್ಸಿದ್ಲು. ಹೇಳಿದ್ರೆ ಅವ್ಳು ಗಾಡಿ ಆಫ್ ಮಾಡ್ತಾಳೆ, ಪಾಪ, ದಾರಿ ಮೇಲೆ ಸಿಕ್ಕಾಕ್ಕೊಳ್ತಾಳೆ ಅಂತ.”

ಅವರೇ ಲೋಟ ಮುಂದಿಟ್ಟು ಹೇಳಿದರು: “ಅವ್ಳು ಹೋಗಿದ್ದು ಬುಧವಾರ. ನೀ ಬರೋ ದಿನ ಅಲ್ಲ.”

ಸಮಾಧಾನಕ್ಕೆ ಹೇಳಿದ ಮಾತು. ಆದರೆ ಅವರೂ ಅದನ್ನು ಯೋಚಿಸಿ ನೋಡಿದ್ದಾರೆಂದು ಅದರಿಂದಲೇ ಗೊತ್ತಾಯಿತು.

ನಾನು ನೆನಪನ್ನು ನಂಬುವವಳಲ್ಲ. ಅದಕ್ಕೇ ವಿಶ್ವವಿದ್ಯಾಲಯದ ದಿನಗಳಿಂದ ಡೈರಿ ಬರೆಯುತ್ತಿದ್ದೇನೆ. ಸಾಗರಕ್ಕೆ ಬಂದು ಶನಿವಾರಗಳನ್ನು ಹುಡುಕಿದೆ. “ಇವತ್ತು ಒಂದೇ ಸಲಕ್ಕೆ ಸ್ಟಾರ್ಟ್.” “ಏರಿನಲ್ಲಿ ಕಾವು ಹೆಚ್ಚಾಯಿತು.” “ಹೊಸ ಬ್ಯಾಟರಿ, ಪ್ರಯೋಜನವಿಲ್ಲ.” ಇಂಜಿನ್ನಿನ ಒಂದೊಂದು ಕೆಮ್ಮನ್ನೂ ಬರೆದಿದ್ದೇನೆ. ಅಕ್ಕನ ಬಗ್ಗೆ ಇರುವುದು “ಅಕ್ಕ ಸಿಕ್ಕಳು” ಎಂಬ ಎರಡು ಪದ. ಬಹಳ ವಾರಗಳಲ್ಲಿ ಅದೂ ಇಲ್ಲ.

ಒಂದು ತಾಸು ಬಿಟ್ಟರೆ ಕಾರು ತಾನಾಗಿ ಸ್ಟಾರ್ಟ್ ಆಗುತ್ತಿತ್ತು. ಇದು ನನಗೆ ಮೊದಲಿಂದಲೂ ಗೊತ್ತಿತ್ತು. ಆಫ್ ಮಾಡಿ, ಕೆಳಗಿಳಿದು, ಅವಳ ಮಿಷನ್ನಿನ ಪಕ್ಕದಲ್ಲಿ ಆ ಒಂದು ತಾಸು ಕೂತಿದ್ದರೆ ಆಗುತ್ತಿತ್ತು. ಶನಿವಾರ ಮಧ್ಯಾಹ್ನ ನನಗೆ ಅಂಥ ಅವಸರವೇನಿತ್ತು? ಅವಸರವಿರಲಿಲ್ಲ. ಇಷ್ಟು ಚಂದದ ಕಾರು ಕೆಟ್ಟು ನಿಂತಿರುವುದನ್ನು ಬಸ್ಸಿನ ಕಿಟಕಿಗಳಿಂದ ಜನ ನೋಡುವುದು ಬೇಡವಾಗಿತ್ತು, ಅಷ್ಟೇ.

ಈಗ ಒಂದು ಚಿತ್ರ ಪದೇಪದೇ ಬರುತ್ತದೆ. ಅಕ್ಕ ಎರಡೂ ಕೈಯಿಂದ ಕಾರಿನ ಬಾಗಿಲನ್ನು ಹಿಡಿದು ತಲೆ ತಗ್ಗಿಸಿ ನಿಂತಿದ್ದಾಳೆ. “ಎಂತ ಅಕ್ಕ, ಕಾರಿಗೆ ನಮಸ್ಕಾರ ಮಾಡ್ತಿದೀಯಾ?” ಎನ್ನುತ್ತೇನೆ. ಅವಳು ನಗುತ್ತಾಳೆ, ಮಾತಾಡುವುದಿಲ್ಲ. ಇದು ನಡೆದದ್ದೋ, ಭಾವ ಹೇಳಿದ ಮೇಲೆ ನಾನು ಕಟ್ಟಿಕೊಂಡದ್ದೋ ಹೇಳಲಾರೆ. ನಡೆದಿದ್ದರೆ, ಕಣ್ಣೆದುರು ಕಂಡೂ ನಾನು ಅವಳಿಗೆ ಏನಾಗಿದೆಯೆಂದು ಕೇಳಲಿಲ್ಲ. ನಡೆಯದಿದ್ದರೆ, ಅಷ್ಟು ಶನಿವಾರಗಳಲ್ಲಿ ಒಮ್ಮೆಯೂ ಅವಳ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಇವೆರಡರಲ್ಲಿ ಯಾವುದು ನಿಜವಾಗಿರಲಿ ಎಂದು ಬಯಸಬೇಕೋ, ಅದೂ ತಿಳಿಯುತ್ತಿಲ್ಲ.